ಬುಟ್ಟಿಯೊಳಗಿನ ಬುತ್ತಿ

ನನ್ನ ಕಿವಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ ನೀವೂ ನನ್ನ ತಂಗಿಯ ಮಗಳ ಪಕ್ಷ ಸೇರಿ, ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ ಎನ್ನುತ್ತೀರಿ. ವಾರ್ಡಿನ ಆ ತುದಿಯಲ್ಲಿ ರೋಗಿಯೊಬ್ಬ ಮಗ್ಗುಲು ಬದಲಿಸಿದರೆ ಈ ತುದಿಯ ಕುರ್ಚಿಯಲ್ಲಿ ಕುಳಿತೇ ತಿಳಿದುಕೊಳ್ಳುತ್ತಿದ್ದವಳು ನಾನು. ಸರಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಳಾದರೂ ಕಿವಿ ಇನ್ನೂ ನಿವೃತ್ತವಾಗಿಲ್ಲ. ತಪ್ಪೆಲ್ಲ ಪಟಾಕಿಯದು.

ದೀಪಾವಳಿ ಅಮಾವಾಸ್ಯೆಯ ಸಂಜೆ ಸುಜಾತಾಳ ಫೋನು ಬಂತು. ಸುಜಾತಾ ಎಂದರೆ ಈಗ ಹೇಳಿದೆನಲ್ಲ, ಆ ತಂಗಿಯ ಮಗಳು. ಭಾಲ್ಕಿಯಲ್ಲಿ ದನದ ಡಾಕ್ಟರು. ಹಾಗೆಂದರೆ ಅವಳಿಗೆ ಸಿಟ್ಟು ಬರುತ್ತದೆ. ನಾಯಿ, ಬೆಕ್ಕು, ಆಡು, ಗಿಳಿ ಎಲ್ಲವನ್ನೂ ನೋಡುವವಳನ್ನು ದನಕ್ಕೆ ಮಾತ್ರ ಕಟ್ಟಿಹಾಕಬೇಡಿ ಎನ್ನುತ್ತಾಳೆ. ಅವಳು ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿದ ಪ್ರಕಾರ ಇಷ್ಟು:

"ಮೌಶಿ, ನಾಳಿ ನಂಗ ರಜಾ ಅದ. ಬೀದರಕ್ಕ ಬರ್ತೇನಿ. ನಾಯಿ ಸಾಕಿದೋರಿಗಿ ಒಂದು ಬು..."

ಅಷ್ಟರಲ್ಲಿ ಓಣಿಯ ಹುಡುಗರು ಹಚ್ಚಿದ್ದು ಢಂ ಎಂದಿತು.

"...ತ್ತಿ ತಯಾರ್ ಮಾಡೋಣ್ರಿ. ಕಲಾವತಿಬಾಯಿಗಿ ಹಬ್ಬಕ್ಕಂತ ಕೊಡೋಣ."

"ಆಗ್ಲಿ ಬಾ. ನಾ ಮಾಡಿಟ್ಟಿರ್ತೇನಿ" ಎಂದೆ.

ಅವಳು ಹೇಳಿದ್ದು ಬುಟ್ಟಿ. ನನಗೆ ಕೇಳಿಸಿದ್ದು ಬುತ್ತಿ. ನಾಲಗೆಯ ತುದಿ ಕೂದಲೆಳೆಯಷ್ಟು ಹಿಂದೆ ಸರಿದರೆ ಒಂದು, ಮುಂದೆ ಬಂದರೆ ಇನ್ನೊಂದು. ನಡುವೆ ಪಟಾಕಿ ಸಿಡಿದರೆ ನಾಲಗೆ ಎಲ್ಲಿತ್ತೆಂದು ಯಾರು ನೋಡಿದರು?

ನನಗೆ ಸಂಶಯವೂ ಬರಲಿಲ್ಲ. ನಾಯಿ ಸಾಕಿದವರಿಗೆ ಬುತ್ತಿ ಕಟ್ಟುವುದು ನಿಮಗೆ ವಿಚಿತ್ರ ಅನಿಸಬಹುದು. ನಾನು ಬೆಳೆದ ಮನೆಯಲ್ಲಿ ನಾಯಿಗೇ ಬುತ್ತಿಯಲ್ಲಿ ಪಾಲಿತ್ತು. ಆ ಮನೆಗೆ ಆಮೇಲೆ ಹೋಗೋಣ. ಮೊದಲು ಕಲಾವತಿಯ ಮನೆಗೆ ಹೋಗಬೇಕು. ಅದು ಹತ್ತಿರ, ನಮ್ಮ ಗೋಡೆಯ ಆಚೆಗೇ ಇದೆ.

ಕಲಾವತಿ ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ಗಂಡ ಸಿದ್ದಪ್ಪ ಬಸ್ ಡ್ರೈವರು. ಊರೆಲ್ಲ ಹಬ್ಬಕ್ಕೆ ಮನೆ ಸೇರುವ ಹೊತ್ತಿಗೆ ಡ್ರೈವರಾದವನು ಮನೆ ಬಿಡಬೇಕು. ಹೀಗಾಗಿ ಪ್ರತಿ ದೀಪಾವಳಿಗೂ ಸಿದ್ದಪ್ಪ ಪುಣೆಯ ದಾರಿಯಲ್ಲಿರುತ್ತಾನೆ. ಮನೆಯಲ್ಲಿ ಉಳಿಯುವವರು ಕಲಾವತಿ ಮತ್ತು ಕಂಡಕ್ಟರ್.

ಕಂಡಕ್ಟರ್ ಎಂದರೆ ನಾಯಿ. ಮರಿಯಾಗಿದ್ದಾಗ ಸಿದ್ದಪ್ಪನ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಸಿಕ್ಕಿತಂತೆ. ಯಾರು ಬಿಟ್ಟರೋ, ತಾನೇ ಹತ್ತಿತೋ. ಡಿಪೋ ಮುಟ್ಟುವವರೆಗೂ ಬಾಗಿಲ ಬಳಿ ನಿಂತು ಪ್ರತಿ ನಿಲ್ದಾಣದಲ್ಲೂ ಕುಂಯ್ಗುಟ್ಟಿತೆಂದು ಆ ಹೆಸರು. ಕಂದು ಮೈ, ಕುತ್ತಿಗೆಯ ಕೆಳಗೆ ಚೀಲ ಜೋತುಬಿದ್ದ ಹಾಗೆ ಒಂದು ಕಪ್ಪು ಮಚ್ಚೆ. "ರೈಟ್" ಎಂದರೆ ಎದ್ದು ನಡೆಯುತ್ತದೆ, "ಹೋಲ್ಡಾನ್" ಎಂದರೆ ಎಲ್ಲಿದೆಯೋ ಅಲ್ಲೇ ಕೂರುತ್ತದೆ. ಬೇರೆ ಯಾವ ಭಾಷೆಯೂ ಅದಕ್ಕೆ ಬರುವುದಿಲ್ಲ.

ನನಗೂ ಅದಕ್ಕೂ ಮಾತುಕತೆ ಇರಲಿಲ್ಲ. ನಾನು ಒಬ್ಬಳೇ ಇರುವವಳು. ಒಬ್ಬಳೇ ಅಂದರೆ ನಾನು ಮತ್ತು ನನ್ನ ಗೋಡೆ ಗಡಿಯಾರ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಏಳುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ. ನಮ್ಮ ಮನೆಯಲ್ಲಿ ಚಪ್ಪಲಿಗೆ ಜಾಗವಿದೆ, ಪೊರಕೆಗೆ ಜಾಗವಿದೆ, ಅಂಗಳದಲ್ಲಿ ಇಟ್ಟಿಗೆಯ ಅಂಚು ಕಟ್ಟಿದ ಚೆಂಡುಹೂವಿನ ಪಾತಿಯಿದೆ. ಪಾತಿಯ ಮಣ್ಣನ್ನು ದಿನವೂ ಅಂಗೈಯಿಂದ ಸವರಿ, ಹಾಸಿಗೆಯ ಚಾದರದಂತೆ ಸಮ ಮಾಡುತ್ತೇನೆ. ಇಂಥ ಮನೆಯಿಂದ ಕಂಡಕ್ಟರ್ ಒಮ್ಮೆ ಎಡಗಾಲಿನ ಚಪ್ಪಲಿ ಒಯ್ದ. ಮರುದಿನ ಕಲಾವತಿ ತಂದುಕೊಟ್ಟಳು. "ತಿಂದಿಲ್ರಿ ಸಿಸ್ಟರಬಾಯಿ, ಬರೀ ಮೂಸ್ಯಾನ" ಎಂದಳು. ಅದೇನು ಸಮಾಧಾನವೋ.

ಆದರೆ ನಾನು ಹೇಳಹೊರಟಿದ್ದು ಅವಳ ಅಣ್ಣನ ವಿಷಯ. ಕಲಾವತಿಯ ತವರು ಔರಾದ. ಅಲ್ಲಿ ಬಜಾರಿನ ನಡುವೆ ಅವಳ ಅಣ್ಣ ಗುರಪ್ಪನದು ಒಂದು ಸಣ್ಣ ದುಕಾನು, ಮೇಲೆ ಒಂದೇ ಕೋಣೆಯ ಮನೆ. ತಾಯಿ ತೀರಿದ ಮೇಲೆ ತಂಗಿಯನ್ನು ಬೆಳೆಸಿದವನು ಅವನೇ. ತಾನು ಮದುವೆಯಾಗಲಿಲ್ಲ. ನಮ್ಮ ಕಡೆ ದೀಪಾವಳಿ ಮುಗಿಯುವುದು ಭಾವುಬೀಜದಿಂದ. ಅಂದು ತಂಗಿಯಾದವಳು ಅಣ್ಣನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಬೇಕು. ಕಂಡಕ್ಟರ್ ಬಂದ ವರ್ಷ ಕಲಾವತಿ ಅದನ್ನು ಮನೆಯಲ್ಲಿ ಕಟ್ಟಿಹಾಕಿ ಔರಾದದ ಬಸ್ಸು ಹತ್ತಿದ್ದಳು. ಪಟಾಕಿಗೆ ಬೆದರಿತೋ ಬಸ್ಸಿನ ಸಪ್ಪಳಕ್ಕೆ ಬೆದರಿತೋ, ಹಗ್ಗ ಕಡಿದುಕೊಂಡು ಆ ಬಸ್ಸಿನ ಹಿಂದೆ ಓಡಿತು. ಬಸ್ಸು ಜನವಾಡದಲ್ಲಿ ನಿಂತಿದ್ದಾಗ ಬಂದು ಮುಟ್ಟಿತು, ಚಹಾ ಅಂಗಡಿಯವರು ಹಿಡಿದು ಕೂರಿಸಿದರು. ಪಾದಗಳಲ್ಲಿ ರಕ್ತ. ಕಲಾವತಿ ಜನವಾಡದಲ್ಲೇ ಇಳಿದಳು. ಅಂದಿನಿಂದ ಭಾವುಬೀಜಕ್ಕೆ ಹೋಗಿಲ್ಲ. ಹಬ್ಬದ ಗದ್ದಲದ ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ. ಬಜಾರಿನ ಮೇಲಿನ ಆ ಕೋಣೆಯಲ್ಲಿ ಪಟಾಕಿಯ ನಡುವೆ ಅದನ್ನು ಇಟ್ಟುಕೊಳ್ಳುವಂತೆಯೂ ಇಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ಗುರಪ್ಪ ಎಂದಿನಂತೆ ಕರೆಯಲು ಬಂದಿದ್ದ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ. ನಾನು ಗೋಡೆಯ ಈಚೆ ಪಾತಿ ಸವರುತ್ತಿದ್ದೆ. ಬೇಡವೆಂದರೂ ಕೇಳಿಸುವ ಕಿವಿ ನನ್ನದು, ಮೊದಲೇ ಹೇಳಿದ್ದೇನೆ.

"ಕಲಾ, ಇದೇ ಕಡೀ ಸಲ ಕರೀಲತ್ತೀನಿ."

"ಹಂಗ್ಯಾಕ ಅಂತಿ ಅಣ್ಣಾ?"

"ಮತ್ತ ಹ್ಯಾಂಗ ಅನ್ಲಿ? ವರ್ಷಾ ಮಣಿ ತೊಳದು ಇಡ್ತೀನಿ. ನಾನೇ ಕೂಡ್ತೀನಿ, ನಾನೇ ಏಳ್ತೀನಿ. ಮಗ್ಗಲ ದುಕಾನಿನಾಂವ ನಗ್ತಾನ, ಯಾರ ಜೋಡಿ ಪಂಕ್ತಿ ಕೂತೀದಿ ಗುರಪ್ಪಾ ಅಂತ. ಈ ಸಲ ಬರಲಿಲ್ಲಂದ್ರ ಆ ಮಣಿ ದುಕಾನಿಗಿ ಒಯ್ದು ಅದರ ಮ್ಯಾಲ ಬೆಲ್ಲದ ಪೆಂಟಿ ಇಡ್ತೀನಿ ನೋಡು."

"ಇದಕ್ಕ ಎಲ್ಲಿ ಬಿಡ್ಲಿ ಹೇಳು."

ಗುರಪ್ಪ ನಾಯಿಯ ಕಡೆ ನೋಡಿರಬೇಕು. "ಏನ್ ಕಂಡಕ್ಟರ್ ಸಾಹೇಬ್ರ, ನಮ್ಮ ತಂಗೀಗಿ ಒಂದು ತಿಕೀಟ ಕೊಡಲ್ರಿ?" ಎಂದ. ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ.

ಇದು ನನ್ನ ಮನಸ್ಸಿನಲ್ಲಿ ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತಿತ್ತು. ಏನಾದರೂ ಮಾಡಬೇಕೆಂದು ಹೊಳೆಯಲಿಲ್ಲ. ಕರೆಗಂಟೆ ಒತ್ತಿದರೆ ಮಾತ್ರ ಎದ್ದು ಹೋಗುವುದು ನಮ್ಮ ಕೆಲಸದ ರೂಢಿ. ಕಲಾವತಿ ಗಂಟೆ ಒತ್ತುವ ಪೈಕಿ ಅಲ್ಲ.

ಪಾಡ್ಯದ ಬೆಳಿಗ್ಗೆ ಬುತ್ತಿಯ ಕೆಲಸಕ್ಕೆ ಕುಳಿತೆ. ನಮ್ಮದು ಬೌದ್ಧರ ಮನೆ. ದೀಪಾವಳಿಯ ಪೂಜೆ ನಮಗಿಲ್ಲ. ಆದರೆ ರಜೆಯಿತ್ತು, ಫರಾಳದ ಕುರುಕಲು ತಿಂಡಿಯಿತ್ತು, ಅಕ್ಕಪಕ್ಕದವರ ತಟ್ಟೆಗಳು ಬಂದು ಹೋಗುವುದಿತ್ತು. ಬೀದರದ ಕಾರ್ತಿಕದ ಬೆಳಗು ನಿಮಗೆ ಗೊತ್ತಲ್ಲ. ಪಟಾಕಿಯ ಹೊಗೆಯೂ ಮಂಜೂ ಒಂದರೊಳಗೊಂದು ಬೆರೆತು, ಕೋಟೆಯ ಕಡೆಯ ಬಯಲೆಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ. ಕೆಂಪು ಮಣ್ಣು ಕೂಡ ಅಂಥ ಹೊತ್ತಿನಲ್ಲಿ ಗುಲಾಬಿಯಾಗಿ ಕಾಣುತ್ತದೆ. ಹಂಚಿನ ಮೇಲೆ ಧಪಾಟಿ ತಟ್ಟುತ್ತ, ಎಳ್ಳು ಸಿಡಿಯುವುದನ್ನು ಕೇಳುತ್ತ, ನಾನು ಬೀದರದಲ್ಲಿ ಇದ್ದೆನೋ ಔರಾದ ತಾಲೂಕಿನ ನನ್ನೂರು ಚಿಂತಾಕಿಯಲ್ಲಿ ಇದ್ದೆನೋ ಹೇಳಲಾರೆ.

ಚಿಂತಾಕಿಯಲ್ಲಿ ಅವ್ವ ಬುತ್ತಿ ಕಟ್ಟುತ್ತಿದ್ದದ್ದು ಅಪ್ಪನ ಹಳೆಯ ಧೋತರದ ಚೌಕದಲ್ಲಿ. ನಡುವೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ, ಪಕ್ಕದಲ್ಲಿ ಶೇಂಗಾ ಹಿಂಡಿಯ ಪುಡಿಕೆ, ಒಂದು ಉಳ್ಳಾಗಡ್ಡಿ. ಎದುರುಬದುರು ತುದಿಗಳನ್ನು ಎಳೆದು ಗಂಟು ಹಾಕುವಳು. ಕೊನೆಗೆ ಉಳಿಯುವ ಒಂದು ತುದಿಯನ್ನು, ನಾವು ಚುಂಗು ಎನ್ನುತ್ತೇವೆ, ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅಲ್ಲಿ ಒಂದು ಸಣ್ಣ, ದಪ್ಪ, ಉಪ್ಪಿಲ್ಲದ ರೊಟ್ಟಿ ಸುತ್ತಿ ಬೇರೆ ಗಂಟು ಕಟ್ಟುವಳು. ಪರಾತದಲ್ಲಿ ಉಳಿದ ಹಿಟ್ಟನ್ನೆಲ್ಲ ಬಳಿದು ಮಾಡಿದ ಕೊನೆಯ ರೊಟ್ಟಿ ಅದು. ಕಾಳ್ಯಾನದು.

ಕಾಳ್ಯಾ ಯಾರ ನಾಯಿ ಎಂದು ಕೇಳಿದರೆ ನಮ್ಮೂರಲ್ಲಿ ಯಾರಿಗೂ ಉತ್ತರ ಬರುತ್ತಿರಲಿಲ್ಲ. ನಾಯಿಗೆ ಒಬ್ಬ ಯಜಮಾನ ಇರಬೇಕು ಎಂಬ ಮಾತೇ ಹುಟ್ಟಿರಲಿಲ್ಲ. ಯಾರ ಬುತ್ತಿಯ ಚುಂಗಿನಲ್ಲಿ ಅದರ ರೊಟ್ಟಿ ಇದೆಯೋ ಅವರ ಹಿಂದೆ ಅದು ನಡೆಯುತ್ತಿತ್ತು. ಅಪ್ಪ ಹೊಲದ ದಾರಿಯಲ್ಲಿ ಮುಂದೆ, ತೊಗರಿಯ ಹಳದಿ ಹೂವಿನ ಸಾಲುಗಳ ನಡುವೆ ಬುತ್ತಿ ತೂಗುತ್ತ ತೂಗುತ್ತ, ಅದರ ಹಿಂದೆ ಕಾಳ್ಯಾ, ಅದರ ಹಿಂದೆ ನಾನು. ಈಗಲೂ ಕಣ್ಣು ಮುಚ್ಚಿದರೆ ಆ ಮೆರವಣಿಗೆ ಹೊರಡುತ್ತದೆ. ಎಲ್ಲಿಗೂ ತಲುಪುವುದಿಲ್ಲ, ನಡೆಯುತ್ತಲೇ ಇರುತ್ತದೆ.

ಅವ್ವನಿಗೆ ಬುತ್ತಿಯ ವಿಷಯದಲ್ಲಿ ಒಂದು ಕಟ್ಟಳೆಯಿತ್ತು. ಕಟ್ಟಿದ ಬುತ್ತಿಯನ್ನು ಮನೆಯೊಳಗೆ ಬಿಚ್ಚಬಾರದು. ಹೊಸ್ತಿಲು ದಾಟಿದ ಮೇಲೆಯೇ ಬಿಚ್ಚಬೇಕು. "ಮನ್ಯಾಗ ಬಿಚ್ಚಿದ್ರ ದಾರಿ ಸಿಟ್ಟಾಗ್ತದ" ಎನ್ನುವಳು. ಬುತ್ತಿ ಕಟ್ಟುವುದೆಂದರೆ ಯಾರೋ ಹೊರಟಿದ್ದಾರೆ ಎಂದು ದಾರಿಗೆ ಸುದ್ದಿ ಕೊಟ್ಟ ಹಾಗೆ. ಸುದ್ದಿ ಕೊಟ್ಟು ಹೋಗದೆ ಇದ್ದರೆ, ಅದು ಕಾಯುತ್ತ ಕೂರುತ್ತದೆ.

ನಾನು ಭಾಲ್ಕಿಯ ಹಾಸ್ಟೆಲ್ಲಿಗೆ ಹೊರಟ ದಿನ ಅವ್ವ ನನಗೂ ಬುತ್ತಿ ಕಟ್ಟಿದಳು. ಅಪ್ಪ ಟ್ರಂಕು ಏರಿಸಿದ. ಬಸ್ಸು ಹೊರಟಾಗ ಕಾಳ್ಯಾ ಹಿಂದೆ ಓಡಿ ಬಂತು. ಹಿಂದಿನ ಗಾಜಿನಲ್ಲಿ ಧೂಳು, ಧೂಳಿನಲ್ಲಿ ಒಂದು ಕಪ್ಪು ಚುಕ್ಕೆ. ಹಳ್ಳ ಬಂದಲ್ಲಿ ಚುಕ್ಕೆ ನಿಂತಿತು. ನೀರಿಗೆ ಹೆದರುತ್ತಿತ್ತು ಅದು. ಅದೇಕೆ ಹಾಗೆ ಓಡಿ ಬಂತೆಂದು ಹಾಸ್ಟೆಲ್ಲಿನಲ್ಲಿ ಬುತ್ತಿ ಬಿಚ್ಚಿದಾಗ ತಿಳಿಯಿತು. ಚುಂಗಿನಲ್ಲಿ ಅದರ ರೊಟ್ಟಿ ಇತ್ತು. ಅವ್ವನ ಕೈ ರೂಢಿಯ ಮೇಲೆ ಕಟ್ಟಿಬಿಟ್ಟಿತ್ತು.

ಹಾಸ್ಟೆಲ್ಲಿನ ಮೇಟ್ರನ್ ಬಾಯಿ ಬಲು ಕಟ್ಟುನಿಟ್ಟು. ಚಾದರದ ಮೂಲೆ ಲಕೋಟೆಯ ಹಾಗೆ ಮಡಚಿರಬೇಕು. ತಟ್ಟೆ ಮಗುಚಿರಬೇಕು, ಲೋಟ ನಿಂತಿರಬೇಕು. ನನ್ನನ್ನು ನಾನು ಈಗ ಏನಾಗಿದ್ದೇನೋ ಅದನ್ನಾಗಿ ಮಾಡಿದ್ದು ಆ ಹೆಂಗಸೇ. ಒಂದು ದಿನ ತಪಾಸಣೆಯಲ್ಲಿ ನನ್ನ ದಿಂಬಿನ ಕೆಳಗೆ ಅರಿವೆಯ ಗಂಟು ಸಿಕ್ಕಿತು. ಬಿಚ್ಚಿದರು. ಹಂಚಿನ ಚೂರಿನಂತೆ ಒಣಗಿದ ರೊಟ್ಟಿ.

"ಯಾರದಿದು?"

"ನಾಯೀದ್ರಿ."

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮೇಟ್ರನ್ ನಗಲಿಲ್ಲ.

"ನಾಯಿ ಎಲ್ಲದ?"

"ಚಿಂತಾಕ್ಯಾಗದ್ರಿ."

ಅವರು ಸ್ವಲ್ಪ ಹೊತ್ತು ಆ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಂಗಾದ್ರ ಇದು ಹಾಸ್ಟೆಲ್ಲಿನ ಸಾಮಾನಲ್ಲ. ಇದು ದಾರ್ಯಾಗಿನ ಸಾಮಾನು. ದಿಂಬಿನ ಕೆಳಗ ಇದರ ಜಾಗಾ ಅಲ್ಲ. ಟ್ರಂಕಿನ ಎಡಮೂಲ್ಯಾಗ ಇಡು, ನಾಕು ಬೇವಿನ ಎಲಿ ಹಾಕು, ಇರಿವಿ ಹತ್ತಂಗಿಲ್ಲ. ರಜಾಕ್ಕ ಹೋಗಾಗ ಒಯ್ಯಿ." ಹೀಗೆಂದು ತಾವೇ ಗಂಟು ಕಟ್ಟಿ ಕೈಗಿಟ್ಟರು. ಅವ್ವನ ಗಂಟಿಗಿಂತ ಅಚ್ಚುಕಟ್ಟಾದ ಗಂಟು. ಶಿಸ್ತು ಎಂದರೆ ಬರೀ ಬೈಗುಳ ಅಂದುಕೊಂಡಿದ್ದೆ. ಪ್ರತಿಯೊಂದಕ್ಕೂ ಒಂದು ಜಾಗ ಹುಡುಕುವುದು ಎಂದು ಅವತ್ತು ಗೊತ್ತಾಯಿತು.

ದೀಪಾವಳಿ ರಜೆಗೆ ಒಯ್ದೆ. ಕಾಳ್ಯಾ ನನ್ನ ಮೈಮೇಲೆಲ್ಲ ಹಾರಿ, ಬಿದ್ದು, ಹೊರಳಿ, ಕೊನೆಗೆ ಆ ರೊಟ್ಟಿಯನ್ನು ಮೂಸಿತು. ಬಾಯಲ್ಲಿ ಕಚ್ಚಿಕೊಂಡು ತಿಪ್ಪೆಯ ಹತ್ತಿರ ಹೋಗಿ, ನೆಲ ಕೆದರಿ, ಹೂತಿಟ್ಟು ಬಂತು. ನನಗೆ ಅಳು. ಅಷ್ಟು ಜೋಪಾನ ಮಾಡಿ ತಂದದ್ದನ್ನು ತಿನ್ನಲೂ ಇಲ್ಲವಲ್ಲ ಎಂದು. ಅವ್ವ ನಕ್ಕಳು. "ಹೊಟ್ಟೀಗಿ ಆದ್ರ ತಿಂತಿತ್ತು. ಇದು ತಿರುಗಿ ಬಂದೋರ ರೊಟ್ಟಿ ಅದ. ಇಂಥಾದ್ದು ಅದು ಇಟ್ಕೋತದ."

ಹೀಗೆಲ್ಲ ಅಲೆಯುತ್ತಿದ್ದಾಗ ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ನೋಡಿದರೆ ಬಿಳಿ ಚೌಕದಲ್ಲಿ ಧಪಾಟಿ, ಹಿಂಡಿ, ಕರಚಿಕಾಯಿ, ಮೇಲೆ ಬಿಗಿಯಾದ ಗಂಟು. ಚುಂಗಿನಲ್ಲಿ ಪುಟ್ಟ ರೊಟ್ಟಿಯೊಂದು. ಅದನ್ನು ಯಾವಾಗ ತಟ್ಟಿದೆನೋ ನನಗೇ ನೆನಪಿಲ್ಲ.

ಆಗ ಸುಜಾತಾ ಬಂದಳು. ಕೈಯಲ್ಲಿ ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೊಂದು ಕೆಂಪು ರಿಬ್ಬನ್ನು.

"ಮೌಶಿ, ಬುಟ್ಟಿ ನಾನೇ ತಂದೀನಿ. ನೀವೇನು ತಯಾರ್ ಮಾಡೀರಿ?"

"ಬುತ್ತಿ."

"ಹೌದ್ರಿ, ಬುಟ್ಟಿ. ಎಲ್ಲದ?"

"ಇಲ್ಲೇ ಅದಲ್ಲ ಬುತ್ತಿ!"

ಅವಳು ಗಂಟನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಕೈಯ ಬುಟ್ಟಿಯನ್ನು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ನಗತೊಡಗಿದಳು. ಮೊಬೈಲಿನಲ್ಲಿ ನೋಡಿದ್ದಳಂತೆ. ದೊಡ್ಡ ದೊಡ್ಡ ಊರುಗಳಲ್ಲಿ ಹಬ್ಬಕ್ಕೆ ನಾಯಿ ಸಾಕಿದವರಿಗೆಂದೇ ಬುಟ್ಟಿ ತುಂಬಿ ಕೊಡುತ್ತಾರಂತೆ. ಕಲಾವತಿ ಅವಳಿಗೆ ಕುಪ್ಪಸ ಹೊಲಿದುಕೊಡುವವಳು. ಪಟಾಕಿಯಲ್ಲಿ ನಾಯಿಯ ಜೊತೆ ಒಬ್ಬಳೇ ಕೂರುತ್ತಾಳೆಂದು ಗೊತ್ತಿತ್ತು.

ಬುಟ್ಟಿಯಲ್ಲಿ ಏನೇನಿತ್ತು ಎನ್ನುತ್ತೀರಿ! ಕೂದಲು ಬಾಚುವ ಬ್ರಶ್ಶು. ಚರ್ಮದ ಎಲುಬು, ಅದನ್ನು ತಿನ್ನಬಾರದು, ಸುಮ್ಮನೆ ಕಡಿಯಬೇಕು. ಒತ್ತಿದರೆ ಕೀಂ ಎನ್ನುವ ಚೆಂಡು. ಉಣ್ಣಿ ಹೋಗಲು ಸಾಬೂನು. ಸೀರೆಗೆ ಅಂಟಿದ ಕೂದಲು ತೆಗೆಯುವ ಅಂಟಿನ ರೋಲು. ಇದು ನಾಯಿಗಲ್ಲ, ಸಾಕಿದವರಿಗೆ. ಪಟಾಕಿ ಸದ್ದು ಕೇಳಿಸದಿರಲೆಂದು ನಾಯಿಯ ಕಿವಿಗೆ ಹಾಕುವ ಉಣ್ಣೆಯ ಟೊಪ್ಪಿಗೆ.

"ಈ ಟೊಪ್ಪಿಗಿ ನಿಮಗೂ ಬರೋಬ್ಬರಿ ಆಗ್ತದ್ರಿ ಮೌಶಿ. ಹ್ಯಾಂಗೂ ಕೇಳ್ಸಂಗಿಲ್ಲ."

"ನಾಲಿಗಿ ಸೀದಾ ಇಟ್ಕೊಂಡು ಮಾತಾಡು, ಎಲ್ಲಾ ಕೇಳಸ್ತದ. ಬುಟ್ಟಿ ಹಿಂಗ ತುಂಬ್ತಾರೇನು? ಸಾಬೂನಿನ ಮಗ್ಗಲ ತಿನ್ನೂ ಎಲುಬು?"

"ತಿನ್ನೂದಲ್ರಿ, ಕಡಿಯೂದು."

"ಬಾಯಾಗ ಹೋಗೂದೇ ಅಲ್ಲ?"

ಎಲ್ಲವನ್ನೂ ಹೊರಗೆ ತೆಗೆದೆ. ಡ್ರೆಸ್ಸಿಂಗ್ ಟ್ರೇ ಜೋಡಿಸುವಾಗ ನಮಗೊಂದು ಪದ್ಧತಿಯಿದೆ. ಮೊದಲು ಬೇಕಾದದ್ದು ಕೈಗೆ ಹತ್ತಿರ, ಭಾರವಾದದ್ದು ತಳಕ್ಕೆ, ಬಾಯಿಗೆ ಹೋಗುವುದು ಔಷಧಕ್ಕೆ ತಾಗದಂತೆ. ಹಾಗೆ ಜೋಡಿಸಿದೆ. ಮಕ್ಕಳ ಆಟದ ಸಾಮಾನಿನಂತಿದ್ದ ಬುಟ್ಟಿಗೆ ಒಂದು ಘನತೆ ಬಂತು. ನಡುವೆ ಸರಿಯಾಗಿ ಬುತ್ತಿಯ ಗಂಟಿನಷ್ಟೇ ಜಾಗ ಉಳಿಯಿತು. ಸುಜಾತಾ ಗಂಟನ್ನೆತ್ತಿ ಅಲ್ಲಿಟ್ಟಳು.

ಕಲಾವತಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದಳು. ಬಟ್ಟೆ ಇರಲಿಲ್ಲ. ಕಂಡಕ್ಟರ್ ಅವಳ ಕಾಲ ಬಳಿ ಯಂತ್ರದ ಪೆಡಲಿನ ಮೇಲೆ ತಲೆಯಿಟ್ಟು ಮಲಗಿದ್ದ. "ಶರಣಾರ್ಥಿ ಸಿಸ್ಟರಬಾಯಿ" ಎಂದಳು. "ಜೈ ಭೀಮ" ಎಂದೆ. ನಮ್ಮ ಗೋಡೆಯ ಎರಡು ಬದಿಯ ನಮಸ್ಕಾರಗಳು ವರ್ಷಗಳಿಂದ ಹೀಗೇ ಒಂದರ ಮೇಲೊಂದು ಬೀಳುತ್ತವೆ.

ಸುಜಾತಾ ಬುಟ್ಟಿಯ ಒಂದೊಂದೇ ವಸ್ತು ತೆಗೆದು ವಿವರಿಸಿದಳು. ಕಲಾವತಿ ನಕ್ಕಳು. ಟೊಪ್ಪಿಗೆಯನ್ನು ಕಂಡಕ್ಟರನ ತಲೆಗೆ ಹಾಕಿದರೆ ಅದು ಹೊಸದಾಗಿ ಅತ್ತೆಮನೆಗೆ ಬಂದ ಸೊಸೆಯ ಹಾಗೆ ಮುಖ ಮಾಡಿತು. ಚೆಂಡು ಒತ್ತಿದಾಗ ಅದು ಹಿಂದೆ ಸರಿದು ನನ್ನ ಸೀರೆಯ ಮರೆಗೆ ಬಂತು. ಆಮೇಲೆ ಕಲಾವತಿಯ ಕೈ ಗಂಟಿಗೆ ತಗುಲಿತು.

"ಇದೇನ್ರಿ?"

"ಬುತ್ತಿ" ಎಂದೆ.

ಕಲಾವತಿಯ ನಗು ನಿಂತಿತು. ಗಂಟನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಿಚ್ಚಲಿಲ್ಲ.

"ಯಾವ ಊರಿಗಿ ಕಳಸ್ಲತ್ತೀರಿ ನನಗ?"

ಸುಜಾತಾ ಬಾಯಿ ತೆರೆದಳು, ಪಟಾಕಿ, ಕಿವಿ ಎಂದು ಏನೋ ಹೇಳಲು. ನಾನು ಅವಳ ಕೈ ಹಿಡಿದೆ.

"ನಮ್ಮವ್ವನೂ ಹಿಂಗೇ ಕಟ್ತಿದ್ಳು ನೋಡ್ರಿ" ಎಂದಳು ಕಲಾವತಿ. "ಔರಾದದಾಗ. ಕಟ್ಟಿದ್ದು ಮನ್ಯಾಗ ಬಿಚ್ಚಬ್ಯಾಡ್ರಿ, ಬಿಚ್ಚಿದ್ರ ಒಳ್ಳೇದಲ್ಲ ಅಂತಿದ್ಳು. ಅವ್ವ ಹೋದ ಮ್ಯಾಲ ಯಾರೂ ಕಟ್ಟಿಲ್ಲ ನಂಗ."

ಇಬ್ಬರು ತಾಯಂದಿರು ಒಂದೇ ತಾಲೂಕಿನ ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಕಟ್ಟಳೆ ಹೇಳಿದ್ದರು. ನಮಗೆ ಅದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಅವಳು ಗಂಟೆ ಒತ್ತಿದ ಹಾಗೆ ನನಗೆ ಕೇಳಿಸಿತು. ಎದ್ದು ನಿಂತೆ.

"ಔರಾದಕ್ಕ" ಎಂದೆ. "ನಾಳಿ ಭಾವುಬೀಜ ಅದ. ಇವತ್ತೇ ಹೋಗು."

"ಕಂಡಕ್ಟರ್..."

"ನನ್ನ ಹಂತೇಕ ಇರ್ತದ."

"ನಿಮ್ಮ ಹಂತೇಕ? ನಿಮ್ಮ ಮನ್ಯಾಗ ಧೂಳು ಸೈತ ಕೇಳಿ ಒಳಗ ಬರ್ತದ್ರಿ ಸಿಸ್ಟರಬಾಯಿ!"

"ಇದೂ ಕೇಳೇ ಬರ್ತದ. ರೈಟ್ ಅಂದ್ರ ಬರ್ತದ, ಹೋಲ್ಡಾನ್ ಅಂದ್ರ ನಿಲ್ತದ. ನಮ್ಮ ವಾರ್ಡಬಾಯ್‌ಗೋಳಿಗಿ ಇಷ್ಟು ಮಾತು ತಿಳೀತಿರ್ಲಿಲ್ಲ."

ಅವಳು ಇನ್ನೂ ಹಿಂದೆ ಮುಂದೆ ನೋಡಿದಳು. ಮತ್ತೆ ಓಡಿದರೆ? ಮತ್ತೆ ಜನವಾಡದ ದಾರಿ ಹಿಡಿದರೆ? ಸುಜಾತಾ ಅದಕ್ಕೆ ದಾರಿ ಹೇಳಿದಳು. ನೀವು ಬಸ್ಸು ಹತ್ತುವುದನ್ನು ಅದು ನೋಡಬಾರದು, ಮೊದಲು ಅದು ಮೌಶಿಯ ಮನೆಗೆ ಹೋಗಲಿ. ನಿಮ್ಮ ಹಳೆಯ ಸೀರೆ ಒಂದನ್ನು ಹಾಸಲು ಕೊಡಿ. ಆಮೇಲೆ ನಾನು ಸ್ಕೂಟಿಯ ಮೇಲೆ ನಿಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ. ಕಲಾವತಿ ಹಳೆಯ ಸೀರೆ ತೆಗೆಯಲು ಒಳಗೆ ಹೋದವಳು ಹೊಸ ಸೀರೆ ಉಟ್ಟು ಬಂದಳು.

ನಾನು ಬಾಗಿಲಲ್ಲಿ ನಿಂತು "ರೈಟ್" ಎಂದೆ. ಕಂಡಕ್ಟರ್ ಕಲಾವತಿಯನ್ನು ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಅವನು ಎದ್ದು, ಬಾಲ ಇಳಿಸಿ, ನನ್ನ ಹಿಂದೆ ನಡೆದುಬಂದ. ಮುಂದೆ ನಾನು, ಹಿಂದೆ ನಾಯಿ. ಗೇಟಿನಿಂದ ಗೇಟಿಗೆ ನಾಲ್ಕು ಹೆಜ್ಜೆ. ಆ ಚಿಕ್ಕ ದಾರಿಯಲ್ಲಿ ತೊಗರಿ ಹೂವಿನ ವಾಸನೆ ಬಂದ ಹಾಗಾಯಿತು. ಬೀದರದ ಓಣಿಯಲ್ಲಿ ತೊಗರಿ ಎಲ್ಲಿಂದ ಬರಬೇಕು.

ಬುತ್ತಿಯ ಚುಂಗಿನಲ್ಲಿ ಅದರ ರೊಟ್ಟಿ ಹೋಗುತ್ತಿದೆ ಎಂದು ನೆನಪಾದದ್ದು ಸ್ಕೂಟಿಯ ಸದ್ದು ಓಣಿಯ ತಿರುವಿನಲ್ಲಿ ಅಡಗಿದ ಮೇಲೆ. ಅವ್ವನ ಕೈ ಮಾಡಿದ ತಪ್ಪನ್ನೇ ನನ್ನ ಕೈ ಮಾಡಿತ್ತು.

ಸಂಜೆ ಪಟಾಕಿ ಶುರುವಾಯಿತು. ಕಿಟಕಿ ಮುಚ್ಚಿ, ಪರದೆ ಎಳೆದೆ. ಕಂಡಕ್ಟರ್ ನನ್ನ ಮಂಚದ ಕೆಳಗೆ ಸೇರಿದ. ಟೊಪ್ಪಿಗೆಯನ್ನು ಎರಡು ಸಲ ಕಿತ್ತು ಹಾಕಿದ. ನನ್ನ ಮನೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಓಣಿಯ ಆಚೆ ದೊಡ್ಡ ಬಸ್ಸೊಂದು ಹಾದುಹೋದಾಗ ಅವನು ಒಮ್ಮೆಲೆ ಹೊರಬಂದು ಬಾಗಿಲು ಕೆರೆಯತೊಡಗಿದ. ಕಿವಿ ನಿಮಿರಿ, ಮೈಯೆಲ್ಲ ನಡುಗುತ್ತಿತ್ತು. ಚಿಲಕ ಹಾಕಿತ್ತು. ಆದರೂ ಇನ್ನೊಮ್ಮೆ ಎಳೆದು ನೋಡಿದೆ. ನೆಲದ ಮೇಲೆ ಅವನ ಪಕ್ಕದಲ್ಲಿ ಕುಳಿತೆ. ನೆಲದ ಮೇಲೆ ಕುಳಿತು ಎಷ್ಟು ಕಾಲವಾಗಿತ್ತೋ. ಅಂಗೈಯನ್ನು ಅವನ ಬೆನ್ನ ಮೇಲೆ, ಪಾತಿಯ ಮಣ್ಣು ಸವರುವ ಹಾಗೆ, ಉದ್ದಕ್ಕೆ ಎಳೆದೆ.

"ಹೋಲ್ಡಾನ್" ಎಂದೆ.

ಕುಳಿತ. ಮತ್ತೆ ಢಂ ಎಂದಿತು. ಹೋಲ್ಡಾನ್. ಮತ್ತೆ. ಹೋಲ್ಡಾನ್. ಹೇಳುತ್ತ ಹೇಳುತ್ತ ನನ್ನ ದನಿ ನಾನು ಸಂಜೆ ಹೇಳುವ ಬುದ್ಧವಂದನೆಯ ರಾಗಕ್ಕೆ ತಿರುಗಿತು. ಯಾವುದು ಬಸ್ಸಿನ ಮಾತು, ಯಾವುದು ಪ್ರಾರ್ಥನೆ ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಕಲಾವತಿಯ ಹಳೆಯ ಸೀರೆಯ ಮೇಲೆ ಅವನು ತಲೆಯಿಟ್ಟ. ಅದರ ಇನ್ನೊಂದು ತುದಿಯ ಮೇಲೆ ನನಗೂ ಜೊಂಪು ಹತ್ತಿತು. ಗಡಿಯಾರ ಒಂದೇ ಆ ದಿನ ಹೇಳಿದ ಹೊತ್ತಿಗೆ ಊಟ ಮಾಡಿರಬೇಕು.

ಮರುದಿನ ಭಾವುಬೀಜದ ಮಧ್ಯಾಹ್ನ ಔರಾದದಿಂದ ಫೋನು ಬಂತು. ಮೊದಲು ಕಲಾವತಿ.

"ಸಿಸ್ಟರಬಾಯಿ, ಹ್ಯಾಂಗದಾನ್ರಿ?"

"ಚಪ್ಪಲಿ ಮ್ಯಾಲ ತಲಿ ಇಟ್ಟು ಮಲಗ್ಯಾನ. ಎಡಗಾಲಿಂದೇ ಬೇಕ ಅವಗ. ನೀ ಆರತಿ ಮಾಡಿದೇನು?"

ಫೋನು ಗುರಪ್ಪನ ಕೈಗೆ ಹೋಯಿತು.

"ಮಣಿ ಮ್ಯಾಲ ಕೂತೇ ಮಾತಾಡ್ಲತ್ತೀನ್ರಿ ಅಕ್ಕಾರ. ಮಗ್ಗಲ ದುಕಾನಿನಾಂವಗ ಕರದು ತೋರ್ಸೀನಿ. ಬೆಲ್ಲದ ಪೆಂಟಿ ಕೆಳಗೇ ಅದ, ನಾ ಮ್ಯಾಲ ಕೂತೀನಿ. ಖರೇ, ಒಂದು ಕೇಳ್ತೀನ್ರಿ. ಬುತ್ತಿ ಚುಂಗಿನ್ಯಾಗ ಒಂದು ರೊಟ್ಟಿ ಕಟ್ಟೀರಲ್ರಿ, ಉಪ್ಪಿಲ್ಲ, ಏನಿಲ್ಲ. ನಮ್ಮ ತಂಗಿ ಕಡದು ನೋಡಿ ಹಲ್ಲು ಹಿಡಕೊಂಡು ಕೂತಾಳ."

"ಅದು ನಾಯೀದು!" ಎಂದೆ.

ಆ ಕಡೆ ಅಣ್ಣ ತಂಗಿ ಇಬ್ಬರೂ ನಗುವುದು ಕೇಳಿಸಿತು. ಔರಾದದ ಬಜಾರಿನ ಆ ಒಂದೇ ಕೋಣೆಯಲ್ಲಿ ಆ ನಗು ಹೊರಗೆ ಹೋಗಲು ಜಾಗವಿಲ್ಲದೆ ಫೋನಿನೊಳಗೇ ಬಂದ ಹಾಗಿತ್ತು.

ಕಲಾವತಿ ಮರಳಿ ಬಂದದ್ದು ಮರುದಿನ. ಕೈಯಲ್ಲಿ ಅದೇ ಬಿಳಿ ಚೌಕ, ಆದರೆ ಗಂಟು ಬೇರೆ: ಗಂಡಸು ಕಟ್ಟಿದ, ಬೆಲ್ಲದ ಮೂಟೆಗೆ ಹಾಕುವಂಥ ಗಂಟು. ತವರಿನಿಂದ ಹೊರಟ ಮಗಳಿಗೆ ಬುತ್ತಿ ಕಟ್ಟಬೇಕಲ್ಲ, ಅವ್ವ ಇಲ್ಲದ ಮೇಲೆ ಯಾರು ಕಟ್ಟಬೇಕು ಎಂದು ಗುರಪ್ಪ ಇಷ್ಟು ವರ್ಷ ಯೋಚಿಸಿರಲಿಲ್ಲವಂತೆ. ಈ ಸಲ ಕೈಯಲ್ಲಿ ಅರಿವೆ ಬಂದಾಗ ತಾನೇ ಕಟ್ಟಿದನಂತೆ. "ಮಣಿ ಮತ್ತ ತೊಳದು ಇಡ್ತೀನಿ ಅಂದಾನ್ರಿ" ಎಂದಳು. ಚುಂಗಿನಲ್ಲಿ ಒಂದು ತುದಿ ಕಡಿದ, ಒಣಗಿದ ನನ್ನ ರೊಟ್ಟಿ ಹಾಗೇ ಇತ್ತು.

ನಮ್ಮ ಅಂಗಳದಲ್ಲಿ ನಿಂತೇ ಬಿಚ್ಚಿದಳು. ಕಂಡಕ್ಟರ್ ಅವಳ ಮೈಮೇಲೆ ಹಾರಿ, ಬಿದ್ದು, ಹೊರಳಿ, ಹುಚ್ಚು ಹಿಡಿದವನಂತೆ ಅಂಗಳ ಸುತ್ತಿದ. ನನ್ನ ಚೆಂಡುಹೂವಿನ ಎರಡು ಗಿಡ ಮುರಿದುವು. "ಹೋಲ್ಡಾನ್, ಹೋಲ್ಡಾನ್" ಎಂದು ನಾವಿಬ್ಬರೂ ಕೂಗಿದರೆ ಯಾರು ಕೇಳಬೇಕು. ಕೊನೆಗೆ ಬಂದು ರೊಟ್ಟಿಯನ್ನು ಮೂಸಿದ. ತಿನ್ನಲಿಲ್ಲ. ಮೆತ್ತಗೆ ಬಾಯಲ್ಲಿ ಹಿಡಿದುಕೊಂಡು ನನ್ನ ಪಾತಿಗೆ ಹೋಗಿ, ಇಟ್ಟಿಗೆಯ ಅಂಚಿನ ಒಳಗೆ, ಮುಂಗಾಲಿನಿಂದ ಮಣ್ಣು ಕೆದರತೊಡಗಿದ.

"ಏ ಕಂಡಕ್ಟರ್! ಸಿಸ್ಟರಬಾಯಿ, ನಿಮ್ಮ ಪಾತಿ..."

"ಇರ್ಲಿ ಬಿಡು" ಎಂದೆ. "ಅದು ಇಟ್ಕೋತದ."

ಅಲ್ಲೊಂದು ಸಣ್ಣ ದಿಬ್ಬ ಎದ್ದಿದೆ. ದಿನವೂ ಬೆಳಿಗ್ಗೆ ಪಾತಿ ಸವರುತ್ತ ಹೋಗುವ ನನ್ನ ಅಂಗೈ ಅಲ್ಲಿಗೆ ಬಂದಾಗ ಸುತ್ತಿ ಹೋಗುತ್ತದೆ.